ಹದಿನೈದು ಆಂಪಿನ ಪ್ಲಗ್ಗು

ಮುಳಬಾಗಿಲು
12 ಫೆಬ್ರವರಿ 2003

ಚನ್ನ,

ಅದಿರಲಿ, ಪೆಟ್ರೋಲಿನ ವಿಷಯಕ್ಕೆ ಬರುತ್ತೇನೆ. ಅದು ಇನ್ನು ಇಳಿಯುವ ಜಾತಿಯದಲ್ಲ. ಡೀಸೆಲ್ಲು ಅಗ್ಗ ಎಂದು ಊರೆಲ್ಲ ಅದರ ಹಿಂದೆ ಬಿದ್ದದ್ದೇ ತಡ, ಅದೂ ಅಕ್ಕನ ಸೆರಗು ಹಿಡಿದ ತಂಗಿಯ ಹಾಗೆ ಮೆಟ್ಟಿಲು ಹತ್ತತೊಡಗಿತು. ಜಪಾನಿನಲ್ಲಿ ಹೈಬ್ರಿಡ್ ಕಾರು ಓಡುತ್ತಿವೆಯೆಂದು ಪೇಪರಿನಲ್ಲಿ ಓದಿದೆ. ಒಂದೇ ಕಾರಿನಲ್ಲಿ ಪೆಟ್ರೋಲೂ ಇದೆ, ಕರೆಂಟೂ ಇದೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಬರೀ ಬ್ಯಾಟರಿಯಲ್ಲಿ ಓಡುವ ಪುಟ್ಟ ಕಾರು ಬಂದಿದೆ. ರಾತ್ರಿ ಗೋಡೆಯ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆಗೆ ಅದರ ಹೊಟ್ಟೆ ತುಂಬಿರುತ್ತದೆ. ಎಂಜಿನ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ರೇಡಿಯೇಟರ್ ಇಲ್ಲ. ಸೈಲೆನ್ಸರ್ ಕೂಡ ಇಲ್ಲ, ಯಾಕೆಂದರೆ ಸುಮ್ಮನಿರಿಸುವುದಕ್ಕೆ ಒಳಗೆ ಸದ್ದೇ ಇಲ್ಲ.

ಕಿಲೋಮೀಟರಿಗೆ ಅರ್ಧ ರೂಪಾಯಿಯ ಕರೆಂಟು. ನಮ್ಮ ಅಂಬಾಸಿಡರ್ ಎರಡು ರೂಪಾಯಿಯ ಡೀಸೆಲ್ ಕುಡಿಯುತ್ತದೆ. ಲಾ ಆಫ್ ಡಿಮಿನಿಶಿಂಗ್ ಏನೋ ಒಂದು ಇತ್ತಲ್ಲ, ಯುಟಿಲಿಟಿಯೋ ರಿಟರ್ನ್ಸೋ, ಅದು ಇಲ್ಲಿ ಅನ್ವಯಿಸುತ್ತದೋ ಇಲ್ಲವೋ ನೆನಪಿಲ್ಲ. ಆದರೆ ಕೋಲಾರದ ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ಪ್ರತಿಯೊಂದು ಸಿದ್ಧಾಂತದ ಬಾಲಕ್ಕೂ "ಸೆಟರಿಸ್ ಪ್ಯಾರಿಬಸ್" ಎಂದು ಗಂಟು ಹಾಕುತ್ತಿದ್ದದ್ದು ನೆನಪಿದೆ. ನೀನು ಹಿಂದಿನ ಬೆಂಚಿನಿಂದ ಎದ್ದು "ಸಾರ್, ಆ ಪ್ಯಾರಿ ಬಸ್ಸು ಶ್ರೀನಿವಾಸಪುರಕ್ಕೆ ಎಷ್ಟು ಗಂಟೆಗೆ ಬಿಡ್ತದೆ ಸಾರ್?" ಎಂದು ಕೇಳಿದ್ದೆ. ಅವರು ನಿನ್ನನ್ನು ಹೊರಗೆ ನಿಲ್ಲಿಸಿದರು. ನಗು ತಡೆಯಲಾರದ ನನ್ನನ್ನೂ ನಿನ್ನ ಪಕ್ಕದಲ್ಲೇ ನಿಲ್ಲಿಸಿದರು. ಮಿಕ್ಕಿದ್ದೆಲ್ಲ ಸಮವಾಗಿದ್ದರೆ ಎಂದು ಅದರ ಅರ್ಥ. ಹೊರಗೆ ನಿಂತಿದ್ದಾಗ ಯಾರೋ ಹೇಳಿದರು.

ಮಗಳು ಶ್ರೀಪ್ರಿಯಾ ಚೆನ್ನಾಗಿದ್ದಾಳೆ. ಕಳೆದ ಜೂನಿನಿಂದ ನಿಮ್ಮೂರಿನ ಹೈಸ್ಕೂಲಿಗೇ ವರ್ಗವಾಗಿದೆ, ಕಿವಿಗೆ ಬಿದ್ದಿರಬಹುದು. ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೂ ದೃಷ್ಟಿ ಸರಿಹೋಗದೆ ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡಿ ಎಂದಿದ್ದಾರೆ. ಅಂಬಾಸಿಡರ್ ಕೊಟ್ಟಿಗೆಯಲ್ಲಿ ನಿಂತಿದೆ, ಅವಳು ಬಸ್ಸಿಗೆ ಹೋಗುತ್ತಾಳೆ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ಎರಡು ಕಾಲೂ ನೆಟ್ಟಗಿರುವವರಿಗೆ ಗೊತ್ತಾಗುವುದಿಲ್ಲ. ಅವಳ ಎಡಗಾಲಿನ ಕಬ್ಬಿಣದ ಪಟ್ಟಿಯನ್ನು ನಾನು ನಿನಗೆ ವರ್ಣಿಸಬೇಕಾಗಿಲ್ಲ.

ಆ ಬ್ಯಾಟರಿ ಕಾರಿಗೆ ಕ್ಲಚ್ ಇಲ್ಲ ಚನ್ನ. ಗೇರೂ ಇಲ್ಲ. ಇರುವುದು ಎರಡೇ ಪೆಡಲು, ಎರಡಕ್ಕೂ ಬಲಗಾಲೊಂದೇ ಸಾಕು.

ತೊಡಕು ಒಂದೇ. ಒಮ್ಮೆ ಚಾರ್ಜು ಮಾಡಿದರೆ ಎಂಬತ್ತು ಕಿಲೋಮೀಟರ್ ಓಡುತ್ತದೆ ಎನ್ನುತ್ತಾರೆ. ನಮ್ಮ ರಸ್ತೆಗೆ ಅರವತ್ತು ಎಂದಿಟ್ಟುಕೊ. ಇಲ್ಲಿಂದ ನಿಮ್ಮೂರಿಗೆ ಹೋಗಿ ಬರುವಷ್ಟರಲ್ಲಿ ಅಷ್ಟೂ ಮುಗಿಯುತ್ತದೆ, ದಾರಿಯಲ್ಲಿ ನಿಂತರೂ ನಿಂತಿತು. ಶಾಲೆಯಲ್ಲಿ ಚಾರ್ಜಿಗೆ ಹಾಕೋಣವೆಂದರೆ ಅದು ಸರ್ಕಾರದ ಕರೆಂಟು, ಅವಳು ಕೇಳುವವಳಲ್ಲ. ಆದ್ದರಿಂದ ಶಾಲೆ ಬಿಡುವ ತನಕ ಶ್ರೀನಿವಾಸಪುರದಲ್ಲಿ ಎಲ್ಲಾದರೂ...

ಅದಿರಲಿ. ಈ ಸಲ ಮಾವು ಹೂ ಹಿಡಿದಿದೆಯೇ?

ಇತಿ,
ವೆಂಕಟರಮಣ


ಶ್ರೀನಿವಾಸಪುರ
27 ಫೆಬ್ರವರಿ 2003

ರಾಯರೇ,

ಹನ್ನೊಂದು ವರ್ಷ ಆದ್ಮೇಲೆ ಕಾಗದ ಬರೆದಿದೀಯ, ಅದೂ "ಅದಿರಲಿ" ಅಂತ ಶುರು. ನಿನ್ನೆ ಸಾಯಂಕಾಲ ಕಟ್ಟೆ ಮೇಲೆ ಕೂತು ಮಾತಾಡ್ತಾ ನೀರು ಕುಡಿಯೋಕೆ ಎದ್ದು ಹೋದೋನು ವಾಪಸ್ ಬಂದಂಗಾಯ್ತು. ಮನೇಲಿ ಅಕ್ಕಯಮ್ಮ "ಏನಂತೆ?" ಅಂದ್ಲು. "ಪೆಟ್ರೋಲ್ ರೇಟ್ ಜಾಸ್ತಿ ಆಗಿದೆಯಂತೆ" ಅಂದೆ. "ಅದನ್ನ ಹೇಳೋಕೆ ಐದು ರೂಪಾಯಿ ಕವರ್ರಾ? ನಿಮ್ಮ ಬ್ರಾಂಬ್ರ ಗೆಣೆಕಾರನಿಗೆ ದುಡ್ಡು ಜಾಸ್ತಿ ಆಗಿರ್ಬೇಕು" ಅಂದ್ಲು.

ಎಂಜಿನ್ನೇ ಇಲ್ಲದ ಕಾರು ಅಂತ ಬರೆದಿದೀಯ. ಎಂಜಿನ್ ಕಿತ್ತಾಕೋದ್ರಲ್ಲಿ ನಿನ್ನದು ಮೊದಲಿಂದ್ಲೂ ಎತ್ತಿದ ಕೈ. ನಾನು ಎಪ್ಪತ್ತೊಂದರಲ್ಲಿ ಮದುವೆ ಹೆಣ್ಣಿನಂಗೆ ಮನೆ ತುಂಬಿಸ್ಕೊಂಡ ಗಾಡಿ ಆ ಅಂಬಾಸಿಡರ್. ಮಗು ಕಾಲೇಜಿಗೆ ಹೋಗ್ಬೇಕು ಅಂತ ನಿನ್ನ ಕೈಗೆ ಕೊಟ್ಟಾಗ ಒಂದೇ ಮಾತು ಹೇಳಿದ್ದೆ: ಏನಾದ್ರೂ ಮಾಡ್ಕೊ, ಎಂಜಿನ್‌ಗೆ ಮಾತ್ರ ಕೈ ಹಾಕ್ಬೇಡ. ನೀನು ಕಾಗದದ ಮೇಲೆ ಲೆಕ್ಕ ಹಾಕಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ಲಿಂದು ಕೂರಿಸ್ದೆ. ಬಾದಾಮಿ ಮಾವಿನ ಮರಕ್ಕೆ ಹುಣಿಸೆ ಕಸಿ ಕಟ್ಟಿದಂಗೆ. ಆ ಗಾಡಿ ಬೀದೀಲಿ ಡಗಡಗ ಅಂತ ಬಂದಾಗ ನಾನು ಅಕ್ಕಿ ಗಿರಣಿ ಬಂತೇನೋ ಅಂದ್ಕೊಂಡೆ. ಅವತ್ತಿಂದ ನಿಮ್ಮ ಮನೆ ಮೆಟ್ಟಿಲು ಹತ್ತಿಲ್ಲ.

ಇನ್ನ ಹೈಬ್ರಿಡ್ ಮಾತು. ರಾಯ, ಕೋಲಾರ ಜಿಲ್ಲೇಲಿ ನಿಂತ್ಕೊಂಡು ಹೈಬ್ರಿಡ್ ಅಂದ್ರೆ ಟೊಮೇಟೊ. ನೋಡೋಕೆ ಕೆಂಪಗೆ ಗುಂಡಗೆ ಇರ್ತದೆ, ಇಳುವರಿ ಬರ್ತದೆ, ಸಾರಿಗೆ ಹಾಕಿದ್ರೆ ನೀರು. ಅದರ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದ್ರೆ ಗಿಡ ಬರ್ತದೆ, ಅಂಥ ಕಾಯಿ ಬರಲ್ಲ. ಪ್ರತಿ ಸಲ ಅಂಗಡಿಗೇ ಹೋಗ್ಬೇಕು. ನಾಟಿ ಅಂದ್ರೆ ಒಂದ್ಸಲ ಬಂದ್ರೆ ಮನೇಲೇ ಉಳೀತದೆ. ನಿನ್ನ ಬ್ಯಾಟರಿ ಕಾರು ಎರಡರಲ್ಲಿ ಯಾವುದು? ಬೀಜ ಕಟ್ತದಾ? ಅದೊಂದು ಹೇಳು.

ಹೂ ಚೆನ್ನಾಗಿದೆ. ಮಂಜು ಬೀಳದಿದ್ರೆ ಸಾಕು.

ಚನ್ನರಾಯಪ್ಪ


ಮುಳಬಾಗಿಲು
8 ಮಾರ್ಚ್ 2003

ಚನ್ನ,

ಹೈಬ್ರಿಡ್ಡನ್ನು ಬೈಯುವ ಮೊದಲು ನಿನ್ನ ತೋಟದ ಬಾವಿಯ ಪಕ್ಕದ ಸಾಲನ್ನು ನೋಡಿಕೊಂಡು ಬಾ. ಅದು ಮಲ್ಲಿಕಾ ಮಾವು ತಾನೇ? ನೀಲಂ ಒಂದು ಕಡೆ, ದಶೇರಿ ಇನ್ನೊಂದು ಕಡೆ, ಎರಡನ್ನೂ ಬೆರೆಸಿ ಹುಟ್ಟಿಸಿದ ಹೈಬ್ರಿಡ್ಡು. ಅದರ ಹಣ್ಣನ್ನು ನೀನೇ ಬುಟ್ಟಿ ತುಂಬ ತಂದು "ಅಂಬಾಬಾಯಮ್ಮ, ಇದನ್ನ ಕತ್ತರಿಸಬೇಡಿ, ಹಾಗೇ ಹೀರಬೇಕು" ಎಂದು ಹೇಳಿಕೊಟ್ಟು ಹೋಗಿದ್ದೆ. ಅವಳು ಮಡಿಯಲ್ಲಿದ್ದರೂ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೀರಿದಳು, ಮೊಣಕೈ ತನಕ ರಸ.

ಎಂಜಿನ್ ವಿಷಯ. ತೊಂಬತ್ತೆರಡರಲ್ಲಿ ಡೀಸೆಲ್ ದರ ಪೆಟ್ರೋಲಿನ ಅರ್ಧಕ್ಕೂ ಕಡಿಮೆ ಇತ್ತು. ಎಂಜಿನ್ ಬದಲಾಯಿಸಿದ ಖರ್ಚು ಒಂದೂವರೆ ವರ್ಷದಲ್ಲಿ ವಾಪಸು ಬಂತು. ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವನು ಮನೆಯ ಲೆಕ್ಕ ತಪ್ಪುತ್ತೇನೆಯೇ? ನಾನು ಇಂದಿಗೂ ಅದನ್ನು ತಪ್ಪು ಎನ್ನುವುದಿಲ್ಲ. ಪೆನ್ನಿ ವೈಸ್, ಪೌಂಡ್... ಮುಂದಿನದು ಮರೆತಿದ್ದೇನೆ, ಪ್ರಾಯಶಃ ಅದು ನನ್ನ ಪರವಾಗಿಯೇ ಇರಬೇಕು.

ಆದರೆ ನೀನು ಕೆಣಕಿದ್ದರಿಂದ ಹಳೆಯ ಎಂಜಿನ್ನಿನ ದನಿ ಕಿವಿಗೆ ಬಂತು. ಆ ದಿನಗಳಲ್ಲಿ ಅದನ್ನು ದನಿ ಎಂದೇ ಅನ್ನುತ್ತಿದ್ದೆವು, ಸದ್ದು ಎನ್ನುತ್ತಿರಲಿಲ್ಲ. ಮಗುವಿಗೆ ನಾಲ್ಕೋ ಐದೋ ವರ್ಷ. ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕಾಲು ತೋರಿಸುವುದಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಸಂಜೆಯೇ ನೀನು ಗಾಡಿ ತಂದು ನಮ್ಮ ಜಗಲಿಯಲ್ಲಿ ಮಲಗುತ್ತಿದ್ದೆ. ಶುರುವಿನಲ್ಲಿ ಅಂಬಾಬಾಯಿ ನಿನ್ನ ಎಲೆಯನ್ನು ಜಗಲಿಗೇ ತರುತ್ತಿದ್ದಳು. ಅದು ಯಾವಾಗ ನಡುಮನೆಗೆ ಬಂತೋ, ಯಾವಾಗ ಅಡುಗೆಮನೆಯೊಳಕ್ಕೇ ಬಂತೋ, ಯಾರೂ ಗಮನಿಸಲಿಲ್ಲ. ಅವಳ ಅತ್ತೆ, ನನ್ನ ಅಮ್ಮ, ಒಬ್ಬರೇ ಗಮನಿಸಿದರು. "ಮಗುವನ್ನ ಎತ್ಕೊಂಡು ಮೆಟ್ಟಿಲು ಹತ್ತೋ ಕೈಗೆ ಯಾವ ಮಡಿ ಅತ್ತೆ?" ಎಂದು ಬಿಟ್ಟಳು.

ಬೆಳಗಿನ ಜಾವ ಹೊರಟರೆ ಕೋಲಾರ ದಾಟುವಷ್ಟರಲ್ಲಿ ಮಗು ನಿದ್ದೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆ, ಪಟ್ಟಿ ಕಟ್ಟಿದ ಕಾಲು ನನ್ನ ತೊಡೆಯ ಮೇಲೆ. ನೀನು ಕನ್ನಡಿಯಲ್ಲಿ ನೋಡಿ, ಉಬ್ಬು ತಗ್ಗು ಬಂದಾಗ ಆ ಭಾರದ ಗಾಡಿಯನ್ನು ಎಳೆ ಕರುವಿನ ಹಾಗೆ ನಡೆಸುತ್ತಿದ್ದೆ. ನಾವು ವಾಪಸು ಬರುವಾಗ ಗಾಡಿ ರಸ್ತೆಯ ತಿರುವಿಗೆ ಬಂದದ್ದು ಪಕ್ಕದ ಮನೆಯ ಕದಿರಮ್ಮನಿಗೆ ಕೇಳಿಸಿ, ಅವಳು ನಮ್ಮ ಒಲೆಗೆ ಬೆಂಕಿ ಹಚ್ಚುತ್ತಿದ್ದಳಂತೆ. ಆಮೇಲಿನ ವರ್ಷಗಳಲ್ಲಿ ನಾನೊಬ್ಬನೇ ಗಾಡಿ ತರುವಾಗ ಅಂಬಾಬಾಯಿ ಹಾಗೆಯೇ ಕಿವಿ ಕೊಟ್ಟಿರುತ್ತಿದ್ದಳು. ಡೀಸೆಲ್ ಕೂರಿಸಿದ ದಿನ ಬಾಗಿಲಿಗೆ ಬಂದು ನಿಂತು, "ಗಾಡಿಗೆ ಗಂಟಲು ಒಡೆದುಹೋಯ್ತಲ್ಲ" ಎಂದಳು. ಅಷ್ಟೇ ಅಂದದ್ದು. ಆಮೇಲೆ ಆ ಸದ್ದಿಗೂ ಅಕ್ಕಿ ಹಾಕುವುದನ್ನು ಕಲಿತಳು.

ಬೀಜದ ಪ್ರಶ್ನೆಗೆ ಮುಂದಿನ ಕಾಗದದಲ್ಲಿ ಉತ್ತರಿಸುತ್ತೇನೆ. ಕೆಲವು ಅಂಕಿಗಳು ಇನ್ನೂ ಬರಬೇಕಾಗಿವೆ.

ಇತಿ,
ವೆಂಕಟರಮಣ


ಶ್ರೀನಿವಾಸಪುರ
19 ಏಪ್ರಿಲ್ 2003

ಲೇ ರಾಯ,

ಅಂಕಿ ಬರಬೇಕಾಗಿವೆಯಂತೆ. ಸೊಸೈಟಿ ಸೆಕ್ರೆಟರಿಗೆ ಹೇಳೋ ಮಾತನ್ನ ನಂಗೆ ಹೇಳ್ತೀಯ. ನೀನು ಎಲ್ಲಿ "ಅದಿರಲಿ" ಅಂತೀಯೋ ಅಲ್ಲೇ ಏನೋ ಇರ್ತದೆ. ಅದು ನಂಗೆ ಕಾಲೇಜಿಂದ ಗೊತ್ತು. ಹಾಸ್ಟೆಲ್‌ನಲ್ಲಿ ಹಸಿವಾದಾಗಲೂ "ಗಂಟೆ ಎಷ್ಟಾಯ್ತು? ಅದಿರಲಿ" ಅಂತಿದ್ದೆ. ನಾನೇ ಎದ್ದು ಬನ್ನು ತರ್ತಿದ್ದೆ.

ಮಗು ನಮ್ಮೂರಿಗೆ ಬಂದಿದ್ದು ಕಿವಿಗೆ ಬಿದ್ದಿರಬಹುದು ಅಂತ ಬರೆದಿದೀಯ. ಕಿವಿಗಲ್ಲ, ಕಣ್ಣಿಗೆ ಬಿದ್ದಿದೆ. ನಮ್ಮ ಮಾವಿನ ಮಂಡಿ ಬಸ್ ಸ್ಟ್ಯಾಂಡ್ ಎದುರಿಗೇ ಇರೋದು, ಮರ್ತಿದೀಯ. ಜೂನಿಂದ ದಿನಾ ನೋಡ್ತಿದೀನಿ. ಮೊದಲನೇ ವಾರ ಅವಳು ಇಳಿಯೋ ಮುಂಚೆನೇ ಕಂಡಕ್ಟರ್ ಸೀಟಿ ಊದಿಬಿಟ್ಟ. ಬಿದ್ದಿಲ್ಲ. ಕಂಬಿ ಹಿಡ್ಕೊಂಡ್ಲು. ಮಾರನೇ ದಿನ ನಾನು ಹೋಗಿ ಆ ಕಂಡಕ್ಟರ್‌ಗೆ ಹೇಳ್ದೆ: "ಏಮಯ್ಯಾ, ಆ ಮೇಡಂ ಎರಡು ಕಾಲೂ ನೆಲಕ್ಕೆ ಇಟ್ಟು, ಸೀರೆ ಸರಿ ಮಾಡ್ಕೊಂಡು, ನಿನ್ನ ಕಡೆ ನೋಡೋ ತನಕ ಸೀಟಿ ಬಾಯಿಗೆ ಇಟ್ಟೆ ಅಂದ್ರೆ ಅದನ್ನ ನುಂಗಿಸ್ತೀನಿ." ಈಗ ಊದಲ್ಲ. ಅವಳಿಗೆ ಇದು ಗೊತ್ತಿಲ್ಲ. ಹೇಳ್ಬೇಡ.

ಮಾತಾಡಿಸಿಲ್ಲ ಯಾಕೆ ಅಂತ ಕೇಳ್ತೀಯ. ಅವಳು ಒಂದಿನ ನಮ್ಮ ಮಂಡಿ ಮುಂದೆನೇ ನಿಂತು ನೋಡಿದ್ಲು. ನಾನು ತಕ್ಕಡಿ ಹಿಂದೆ ಹೋದೆ. ಅಪ್ಪನ್ನ ಬಿಟ್ಟು ಮಗಳನ್ನ ಮಾತಾಡಿಸೋದು ಹೆಂಗೆ? ತೊಂಬತ್ತೊಂಬತ್ತರಲ್ಲಿ ಅಂಬಾಬಾಯಮ್ಮ ಹೋದಾಗ ಬಸ್ಸಲ್ಲಿ ಬಂದಿದ್ದೆ. ಗೇಟ್ ತನಕ ಬಂದೆ. ಅಲ್ಲಿ ಆ ಗಾಡಿ ನಿಂತಿತ್ತು. ಅಲ್ಲಿಂದ್ಲೇ ಕೈ ಮುಗಿದು ಹೋದೆ. ನೀನು ನೋಡಿದೆಯೋ ಇಲ್ವೋ ಗೊತ್ತಿಲ್ಲ.

ಬೀಜ ಕಟ್ತದಾ ಇಲ್ವಾ? ಅದನ್ನ ಹೇಳು. ಆಮೇಲೆ ಏನು ಬೇಕೋ ಅದನ್ನ ಬಾಯಿಬಿಟ್ಟು ಕೇಳು. ಕಾಯಿ ಕೀಳೋಕೆ ಶುರುವಾಗ್ತಿದೆ, ನಂಗೆ ಒಗಟು ಬಿಡಿಸೋಕೆ ಪುರಸೊತ್ತಿಲ್ಲ.

ಚನ್ನ


ಮುಳಬಾಗಿಲು
11 ಮೇ 2003

ಚನ್ನ,

ನೋಡಿದ್ದೆ. ಗೇಟಿನ ಆಚೆ ನಿನ್ನ ಬಿಳಿ ಟವೆಲ್ ಕಂಡಿತ್ತು. ಎದ್ದು ಬರಲು ಆಗುವ ಹೊತ್ತಲ್ಲ ಅದು. ಎದ್ದು ಬಂದಾಗ ನೀನಿರಲಿಲ್ಲ.

ಬೀಜದ ಉತ್ತರ: ಕಟ್ಟುವುದಿಲ್ಲ.

ಬ್ಯಾಟರಿ ಮೂರು ವರ್ಷ ಬಾಳಿದರೆ ಹೆಚ್ಚು. ಆಮೇಲೆ ಅದನ್ನು ತೆಗೆದು ಹೊಸದು ಹಾಕಿಸಬೇಕು, ನಿನ್ನ ಟೊಮೇಟೊ ಬೀಜದ ಹಾಗೆ ಮತ್ತೆ ಅಂಗಡಿಗೇ ಹೋಗಬೇಕು. ಆ ಬೆಲೆಯನ್ನು ಮೂರು ವರ್ಷ ಓಡುವ ದಾರಿಯ ಮೇಲೆ ಹರಡಿದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಕರೆಂಟು ಅರ್ಧ ರೂಪಾಯಿ. ಕೂಡಿದರೆ ಎರಡು. ಅಂಬಾಸಿಡರಿನ ಡೀಸೆಲ್ಲೂ ಎರಡೇ. ಕಾರು ಕೊಳ್ಳುವ ದುಡ್ಡು ಬೇರೆ, ನನ್ನ ಪ್ರಾವಿಡೆಂಟ್ ಫಂಡಿನಲ್ಲಿ ಉಳಿದಿರುವುದೆಲ್ಲ ಅದಕ್ಕೆ ಹೋಗುತ್ತದೆ. ಫೆಬ್ರವರಿಯಲ್ಲಿ ನಿನಗೆ ಬರೆದಾಗಲೇ ಇದು ಗೊತ್ತಿತ್ತು. ಬರೀ ಕರೆಂಟಿನ ಅಂಕಿ ಬರೆದು, ಬ್ಯಾಟರಿಯ ಅಂಕಿಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಪೆಟ್ರೋಲು ಇನ್ನೂ ಏರಿ, ಬ್ಯಾಟರಿ ಅಗ್ಗವಾಗಿ ಬಾಳಿಕೆ ಬಂದರೆ ಮುಂದೊಂದು ದಿನ ಈ ಲೆಕ್ಕ ಗೆಲ್ಲುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇವತ್ತು ಗೆದ್ದಿಲ್ಲ. ಇವತ್ತು ಸಮ.

ಮಿಕ್ಕಿದ್ದೆಲ್ಲ ಸಮವಾಗಿದ್ದರೆ ಎನ್ನುತ್ತಿದ್ದರು ಮೇಷ್ಟ್ರು. ಇಲ್ಲಿ ಲೆಕ್ಕವೇ ಸಮವಾಗಿ ಕೂತಿದೆ, ಮಿಕ್ಕಿದ್ದೇ ಸಮ ಇಲ್ಲ. ನಿನ್ನ ಪ್ಯಾರಿ ಬಸ್ಸು ನಮ್ಮ ರೂಟಿನಲ್ಲಿ ಒಂದು ದಿನವೂ ಓಡಲಿಲ್ಲ ಕಣೋ.

ಕಳೆದ ಸೋಮವಾರ ಶ್ರೀಪ್ರಿಯಾಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆ, ಆ ಕಾರು ನೋಡುವುದಕ್ಕೆ. ಅಂಗಡಿಯ ಹುಡುಗಿ ಪಕ್ಕದಲ್ಲಿ ಕೂತು ಎರಡು ಸುತ್ತು ಕಲಿಸಿದಳು, ಆಮೇಲೆ ಇಳಿದುಬಿಟ್ಟಳು. ನಾನು ಮರದ ಕೆಳಗೆ ನಿಂತಿದ್ದೆ. ಆ ಹುಡುಗಿ ಏನೋ ಬ್ರೋಷರ್ ತೋರಿಸುತ್ತಿದ್ದಳು, ಬೆಸ್ಟ್ ಎಕಾನಮಿ ಅಂಕಲ್, ಬೆಸ್ಟ್ ಮೈಲೇಜ್ ಎನ್ನುತ್ತಿದ್ದಳು. ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಕಾರಿಲ್ಲ. ಸದ್ದೇ ಮಾಡದೆ ಗೇಟು ದಾಟಿ ಹೋಗಿದ್ದಳು! ರಸ್ತೆಯ ತುದಿ ತನಕ ಓಡಿದೆ, ಈ ವಯಸ್ಸಿನಲ್ಲಿ. ಒಂದು ಸುತ್ತು ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಲ್ಲಿಸಿದಳು. ಬಂದದ್ದೂ ಕೇಳಿಸಲಿಲ್ಲ.

"ಎಲ್ಲಿಗೇ ಹೋಗಿದ್ದೆ?" ಎಂದು ಗದರಿದೆ.

"ಎಲ್ಲಿಗೂ ಇಲ್ಲಪ್ಪ. ಸುಮ್ನೆ ಹೋಗಿದ್ದೆ" ಎಂದಳು.

ಮೂವತ್ತೈದು ವರ್ಷದಲ್ಲಿ ಅವಳು ಸುಮ್ಮನೆ ಎಲ್ಲಿಗೂ ಹೋದದ್ದಿಲ್ಲ ಚನ್ನ. ಆಸ್ಪತ್ರೆಗೆ, ಕಾಲೇಜಿಗೆ, ಶಾಲೆಗೆ, ಏಕಾದಶಿಯ ದಿನ ಅವಳಮ್ಮನ ಜೊತೆ ನರಸಿಂಹತೀರ್ಥಕ್ಕೆ. ಪ್ರತಿಯೊಂದಕ್ಕೂ ಒಂದು ಕಾರಣ ಬೇಕಿತ್ತು, ಕಾರಣದ ಜೊತೆಗೆ ಒಬ್ಬ ಡ್ರೈವರ್ ಬೇಕಿತ್ತು. ಒಮ್ಮೆ ನೀನು, ಒಮ್ಮೆ ನಾನು, ಈಗ ಬಸ್ಸಿನವನು.

ಈ ಕಾಗದದಲ್ಲಿ ಅದಿರಲಿ ಎನ್ನಬಾರದೆಂದು ತೀರ್ಮಾನಿಸಿ ಕೂತಿದ್ದೇನೆ. ನಿನ್ನ ಮಂಡಿಯ ಹಿತ್ತಲಿನಲ್ಲಿ, ಮಾವಿನ ಕ್ರೇಟು ಪೇರಿಸುವ ಷೆಡ್ಡಿನ ನೆರಳಿನಲ್ಲಿ, ಬೆಳಿಗ್ಗೆಯಿಂದ ಸಂಜೆಯ ತನಕ ಒಂದು ಪುಟ್ಟ ಕಾರು ನಿಲ್ಲುವ ಜಾಗ ಬೇಕು. ಒಂದು ಹದಿನೈದು ಆಂಪಿನ ಪ್ಲಗ್ಗು ಬೇಕು. ಕರೆಂಟಿನ ದುಡ್ಡು ಕೊಡುತ್ತೇನೆಂದರೆ ಬೈಯುತ್ತೀಯ, ಬೈಸಿಕೊಂಡಾದರೂ ಕೊಡುತ್ತೇನೆ. ಇಲ್ಲ ಎಂದರೆ ನಾನು ಕಾರು ಕೊಳ್ಳುವುದಿಲ್ಲ. ಶ್ರೀನಿವಾಸಪುರದಲ್ಲಿ ಬೇರೆ ಯಾರನ್ನೂ ಕೇಳುವುದಿಲ್ಲ.

ಕೊಡುತ್ತೀಯಾ?

ನಿನ್ನ
ವೆಂಕಟರಮಣ


ಶ್ರೀನಿವಾಸಪುರ
3 ಜೂನ್ 2003

ರಾಯ,

ಸೀಸನ್ ಜೋರಾಗಿದೆ. ಮಂಡಿ ತುಂಬ ತೋತಾಪುರಿ, ಕಾಲಿಡೋಕೆ ಜಾಗ ಇಲ್ಲ. ಅದಕ್ಕೇ ತಡ ಆಯ್ತು, ಬೇರೆ ಅರ್ಥ ಮಾಡ್ಕೋಬೇಡ.

ಪ್ಲಗ್ಗು ಹಾಕಿಸಿ ಮೂರು ತಿಂಗಳಾಯ್ತು. ನಿನ್ನ ಮೊದಲನೇ ಕಾಗದ ಬಂದಾಗ್ಲೇ ಎಲೆಕ್ಟ್ರಿಷಿಯನ್ ಕದಿರೇಶನ್ನ ಕರೆಸಿದ್ದೆ. "ಯಾವ ಮಿಷನ್‌ಗೆ ಅಣ್ಣ?" ಅಂದ. "ಬರೋ ಮಿಷನ್‌ಗೆ" ಅಂದೆ. "ಅರ್ಥ್ ಸರಿ ಇರ್ಬೇಕು ಅಣ್ಣ, ಇಲ್ದಿದ್ರೆ ಮಿಷನ್ ಮುಟ್ಟಿದೋರಿಗೆ ಹೊಡೀತದೆ" ಅಂತ ಹೇಳಿ ಷೆಡ್ ಪಕ್ಕ ಆಳುದ್ದ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ, ಪೈಪ್ ನಿಲ್ಲಿಸಿ, ಮೇಲೆ ಒಂದು ಬಿಂದಿಗೆ ನೀರು ಹುಯ್ದ. ಮಾವಿನ ಸಸಿ ನೆಟ್ಟಂಗೇ ಮಾಡಿದ. ಅಕ್ಕಯಮ್ಮ ಈಗ ದಿನಾ ತುಳಸಿಗೆ ಹಾಕಿ ಉಳಿದ ನೀರನ್ನ ಅದಕ್ಕೆ ಹಾಕ್ತಾಳೆ. ಒಣಗಬಾರದಂತೆ.

ಹಾಕಿಸಿಟ್ಟು, ನೀನು ಕೇಳಲಿ ಅಂತ ಕೂತಿದ್ದೆ. ನೀನೋ ಎಕನಾಮಿಕ್ಸ್ ಪಾಠ ಮಾಡ್ತಾನೇ ಇದ್ದೆ.

ಕರೆಂಟಿನ ದುಡ್ಡು ಗಿಡ್ಡು ಅಂದ್ರೆ ಕಾರಿನ ಮೇಲೆ ಮಾವಿನಕಾಯಿ ಉರುಳಿಸ್ತೀನಿ. ಅದರ ಬದಲು ಒಂದು ಷರತ್ತು. ಆ ಅಂಬಾಸಿಡರ್ ಮಾರ್ಬೇಡ, ನಂಗೆ ಕಳಿಸು. ನಮ್ಮೂರ ಕರೆಂಟ್ ನಿಂಗೆ ಗೊತ್ತು, ಬೆಳಿಗ್ಗೆ ಹೋದ್ರೆ ಬಂದಾಗ ಬಂತು. ನಿನ್ನ ಬ್ಯಾಟರಿ ಗಾಡಿ ಮಲಗಿಬಿಟ್ರೆ ಎಳ್ಕೊಂಡು ಹೋಗೋಕೆ ಬಲವಾದ್ದು ಒಂದು ಬೇಕು. ಮುಂದೆ ಡೀಸೆಲ್ಲು, ಹಿಂದೆ ಕರೆಂಟು, ನಡುವೆ ಹಗ್ಗ. ಜಪಾನಿನವರಿಗೆ ಬರೆದು ಹಾಕು, ಕೋಲಾರ ಜಿಲ್ಲೆ ಹೈಬ್ರಿಡ್ಡು ಅಂತ.

ನಿನ್ನ ಡೀಸೆಲ್ ಲೆಕ್ಕ ಸರಿನೇ ಇತ್ತು ಕಣೋ. ಅದಕ್ಕೇ ನಂಗೆ ಅಷ್ಟು ಕೋಪ ಬಂದಿದ್ದು.

ಚನ್ನ


ಮುಳಬಾಗಿಲು
22 ಆಗಸ್ಟ್ 2003

ಚನ್ನ,

ಈ ಕಾಗದವನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಶ್ರೀಪ್ರಿಯಾ ನಾಲ್ಕೂವರೆಗೆ ನಿನ್ನ ಮಂಡಿಯಿಂದ ಫೋನ್ ಮಾಡಿದ್ದಳು. "ಅಪ್ಪಾ, ಬೆಳಿಗ್ಗೆಯಿಂದ ಇಲ್ಲಿ ಕರೆಂಟೇ ಇಲ್ಲ. ರಾತ್ರಿ ಮನೇಲೂ ಕರೆಂಟ್ ಹೋಗಿ ಅರ್ಧ ಚಾರ್ಜೇ ಆಗಿದ್ದು, ಈಗ ಕಾರು ಮೂರು ಮೈಲಿ ಕೂಡ ಓಡಲ್ಲ. ಇಲ್ಲೇ ಉಳ್ಕೋತೀನಿ ಅಂದ್ರೆ ಮಾಮ ಬೇಡ ಅಂತಿದ್ದಾರೆ" ಎಂದಳು. ಹಿಂದಿನಿಂದ ನಿನ್ನ ದನಿ ಕೇಳಿಸಿತು: "ಆ ರಾಯ ಬಾಗಿಲಲ್ಲಿ ಕಾಯ್ತಿರ್ತಾನಮ್ಮ, ನಿದ್ದೆ ಮಾಡಲ್ಲ. ಹಗ್ಗ ಎಲ್ಲಿ ಹಾಳಾಗೋಯ್ತು ನೋಡು." ಫೋನು ಕಟ್ಟಾಯಿತು. ಆಗಿನಿಂದ, ಅಂದರೆ ನಾಲ್ಕೂವರೆಯಿಂದ, ಜಗಲಿಯಲ್ಲಿ ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಇಷ್ಟು ದಿನದಲ್ಲಿ ನಮ್ಮ ವಿಷಯಗಳೆಲ್ಲ ಆ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲೇ ಓಡಾಡಿವೆ. ನಿನ್ನ ಬಾದಾಮಿ, ರಸಪುರಿ, ಕೊನೆಗೆ ಮಲ್ಲಿಕಾ ಬಂದವು. ನಾನು ಹುಳಿಪುಡಿ ಕಳಿಸಿದೆ. ಅಂಬಾಬಾಯಿಯ ಅಳತೆಯೇ, ಆದರೂ ಮೆಂತ್ಯ ಒಂದು ಚೂರು ಮುಂದಾಗಿದೆ ಎಂದು ಅಕ್ಕಯಮ್ಮನವರು ಹೇಳಿ ಕಳಿಸಿದರು, ಸರಿಯಾಗಿಯೇ ಹೇಳಿದರು. ನೀನು ಮಾತ್ರ ಬರಲಿಲ್ಲ. ಸೀಸನ್ ಎಂದೆ, ಸೀಸನ್ ಮುಗಿಯಿತು. ಆಮೇಲೆ ಆಳುಗಳಿಲ್ಲ ಎಂದೆ. ಕರೆಯುವುದಕ್ಕೆ ನನಗೂ ಬಾಯಿ ಬರಲಿಲ್ಲ. ಹನ್ನೊಂದು ವರ್ಷ ಬಾರದವನನ್ನು ಏನೆಂದು ಕರೆಯುವುದು? ಪೂಜೆಗೆ ಎಂದೇ, ಊಟಕ್ಕೆ ಎಂದೇ? ಶ್ರೀಪ್ರಿಯಾ ಹಾಗೆ ಸುಮ್ಮನೆ ಹೋಗಿ ಬಂದಳಲ್ಲ, ಸುಮ್ಮನೆ ಬಾ ಎನ್ನಬಹುದಿತ್ತು. ಆ ಮಾತು ಈಗ ಹೊಳೆಯುತ್ತಿದೆ.

ಕಾರು ಬೆಂಗಳೂರಿನಿಂದ ಬಂದ ಸಂಗತಿ ನಿನಗೆ ಹೇಳಿಲ್ಲ. ಒಂದೇ ಚಾರ್ಜಿನಲ್ಲಿ ಅಷ್ಟು ದೂರ ಓಡದಲ್ಲ, ಇಟ್ಟಿಗೆ ಇಳಿಸಿ ಖಾಲಿ ಬರುತ್ತಿದ್ದ ಮಾಲೂರಿನ ಲಾರಿಯವನನ್ನು ಹಿಡಿದೆ. ಮೆರವಣಿಗೆಯ ಮದುಮಗನ ಹಾಗೆ ಲಾರಿಯ ಮೇಲೆ ಕೂತು ಬಂತು, ಮೈತುಂಬ ಇಟ್ಟಿಗೆಯ ಕೆಂಪು ದೂಳು. ಕದಿರಮ್ಮನಿಗೆ ಈಗ ಕಣ್ಣು ಮಂಜು. ಮುಟ್ಟಿ ನೋಡಿ "ಇದೇನ್ರೀ ಸ್ವಾಮಿ, ಕುಂಕುಮ ಹಚ್ಚಿಸ್ಕೊಂಡೇ ಬಂದಿದೆ" ಎಂದಳು. ಶ್ರೀಪ್ರಿಯಾ ಎರಡು ಬಕೆಟ್ ನೀರು ಹಾಕಿ ತಾನೇ ತೊಳೆದಳು, ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ.

ಅಂಬಾಸಿಡರನ್ನು ನಿನಗೆ ಕಳಿಸಿದ ಮೇಲೆ ಖಾಲಿಯಾದ ಕೊಟ್ಟಿಗೆಯಲ್ಲಿ ಈಗ ನಮ್ಮದೂ ಒಂದು ಪ್ಲಗ್ಗು ಇದೆ. ನಿನ್ನ ಕಡೆ ಒಂದು ಗುಂಡಿ ಇದ್ದಿಲು, ಇಲ್ಲೊಂದು ಗುಂಡಿ ಇದ್ದಿಲು. ನಾನೂ ದಿನಾ ಒಂದು ಬಿಂದಿಗೆ ನೀರು ಹಾಕುತ್ತೇನೆ. ಮಾಡುವುದಕ್ಕೆ ಒಂದು ಕೆಲಸವಾಯಿತು.

ಎಲ್ಲ ಚೆನ್ನಾಗಿದೆ, ಒಂದು ಮಾತ್ರ ಅಭ್ಯಾಸವಾಗಿಲ್ಲ. ಆ ಕಾರು ಬಂದದ್ದು ಗೊತ್ತಾಗುವುದಿಲ್ಲ. ಈ ಮನೆಯಲ್ಲಿ ನಾವು ಕಾದದ್ದೆಲ್ಲ ಕಿವಿಯಿಂದ. ಮೊದಲು ನಿನ್ನ ಎಂಜಿನ್ನಿನ ದನಿ, ಆಮೇಲೆ ನನ್ನ ಎಂಜಿನ್ನಿನ ಗದ್ದಲ. ಅದು ತಿರುವಿಗೆ ಬಂದಾಗ ಅಂಬಾಬಾಯಿ ಏಳುತ್ತಿದ್ದಳು, ಪಾತ್ರೆಯ ಸದ್ದಾಗುತ್ತಿತ್ತು. ಈಗ ಕಣ್ಣಿನಿಂದ ಕಾಯಬೇಕು, ನನ್ನ ಕಣ್ಣೋ ಹೀಗೆ. ಎಷ್ಟೋ ಸಂಜೆ ಅವಳು ಬಂದು ಗೇಟು ತೆಗೆದು ಎದುರಿಗೆ ನಿಂತು "ಅಪ್ಪಾ" ಎನ್ನುವ ತನಕ ನಾನು ಖಾಲಿ ರಸ್ತೆಯನ್ನೇ ನೋಡುತ್ತಿರುತ್ತೇನೆ.

ಎಕನಾಮಿಕ್ಸಿನಲ್ಲಿ ಇದಕ್ಕೊಂದು ಹೆಸರಿತ್ತು ಚನ್ನ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಆಪರ್ಚುನಿಟಿ ಏನೋ. ನಿನ್ನನ್ನೇ ಕೇಳಬೇಕು, ನೀನೂ ಹೊರಗೇ ನಿಂತಿದ್ದೆ, ನಿನಗೂ ಗೊತ್ತಿರುವುದಿಲ್ಲ.

ಎದುರು ಮನೆಯ ಹೆಂಚು ಕಪ್ಪಾಯಿತು. ಬರೆದ ಸಾಲಿನ ಮೇಲೆಯೇ ಮತ್ತೆ ಬರೆಯುತ್ತಿದ್ದೇನೇನೋ, ಅಕ್ಷರ ಕಾಣುತ್ತಿಲ್ಲ. ನಮ್ಮೂರಿನಲ್ಲೂ ಕರೆಂಟು ಹೋಗಿರಬೇಕು, ಬೀದಿಯಲ್ಲಿ ಒಂದು ದೀಪವೂ ಇಲ್ಲ. ಬೆಳಕು ಹೋಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ತಿರುವಿನಲ್ಲಿ ಅಕ್ಕಿ ಗಿರಣಿ ಬಂತು. ಎಳೆ ಕರುವಿನ ಹಾಗೆ, ಮೆಲ್ಲಗೆ.

ಅಕ್ಕಿ ಇನ್ನೂ ಒಂದು ಪಾವು ಹಾಕಬೇಕು. ಏಳುತ್ತೇನೆ.

ವೆಂಕಟರಮಣ